ವರ್ತಕರ ಪತ್ರಿಕೆಗೆ ವಾಚಕರೆಲ್ಲಿ?

ಕಳೆದ ವರ್ಷ ಯುಗಾದಿಗೆ ಕೆಲವು ದಿನಗಳ ಮುಂಚೆ ನಮ್ಮ ಊರಿನ ಬಿತ್ತನೆ ಬೀಜದ ವರ್ತಕರೊಬ್ಬರು ನಮ್ಮ ಕಚೇರಿಗೆ ದಯಮಾಡಿಸಿ, ಕಂಕುಳಲ್ಲಿದ್ದ ಕಾಗದದ ಕಟ್ಟೊಂದನ್ನು ಮೇಜಿನ ಮೇಲಿಟ್ಟು ನಿಟ್ಟುಸಿರು ಬಿಟ್ಟರು. “ಸ್ವಾಮೀ, ಒಂಬತ್ತು ತಿಂಗಳಿನಿಂದ ತಿಂಗಳಿಗೊಂದು ಪತ್ರಿಕೆಯನ್ನು ಅಚ್ಚು ಹಾಕಿಸಿ ಗಿರಾಕಿಗಳಿಗೆ ಧರ್ಮಕ್ಕೆ ಹಂಚುತ್ತಿದ್ದೇನೆ. ಮೊನ್ನೆ ಸಂತೆಯಲ್ಲಿ ಕಡಲೆಕಾಯಿ ಕೊಂಡರೆ ನನ್ನ ಪತ್ರಿಕೆಯಲ್ಲಿಯೇ ಪೊಟ್ಟಣ ಕಟ್ಟಿ ಕೊಟ್ಟರು. ತಾವು ಇಷ್ಟು ವರ್ಷದಿಂದ ಪತ್ರಿಕೆ ನಡೆಸುತ್ತಿದ್ದೀರಿ, ಜನ ಓದುವ ಹಾಗೆ ಮಾಡುವ ಗುಟ್ಟೇನೆಂಬುದನ್ನು ನನಗೂ ತಿಳಿಸಿಕೊಡಬೇಕು” ಎಂದು ಕೇಳಿದರು.

ಈ ಪ್ರಶ್ನೆಯು ಅವರೊಬ್ಬರದೇ ಅಲ್ಲ. ಇಂದು ಔಷಧದ ಅಂಗಡಿಯವರು, ಜವಳಿ ವರ್ತಕರು, ಪುಸ್ತಕ ವ್ಯಾಪಾರಿಗಳು, ಗಾಣದ ಎಣ್ಣೆ ಮಾರುವವರು ಮೊದಲಾದ ಸಣ್ಣ ಬಂಡವಳಿಗರೆಲ್ಲರೂ ತಮ್ಮ ಮಾತನ್ನು ತಾವೇ ಬರೆದು ಗಿರಾಕಿಗಳಿಗೆ ಮುಟ್ಟಿಸಲು ಯತ್ನಿಸುತ್ತಿದ್ದಾರೆ. ಕೆಲವರು ಅಚ್ಚು ಹಾಕಿಸುತ್ತಾರೆ, ಹಲವರು ಮೊಬೈಲಿನ ಮೂಲಕ ಕಳುಹಿಸುತ್ತಾರೆ. ಆದರೆ ಬರೆಯುವವರಿರುವಷ್ಟು ಓದುವವರಿಲ್ಲ. ಆದಕಾರಣ ಆ ವರ್ತಕರಿಗೆ ನಾವು ಹೇಳಿದುದನ್ನೂ, ಆ ಮೇಲೆ ನಡೆದುದನ್ನೂ ಸಾರ್ವಜನಿಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಮೊದಲು ಪತ್ರಿಕೆಯನ್ನೇ ಬಿಚ್ಚಿ ನೋಡಿದೆವು. ನಾಲ್ಕು ಪುಟಗಳು, ಕಾಗದವೂ ಅಚ್ಚೂ ಅಚ್ಚುಕಟ್ಟಾಗಿಯೇ ಇದ್ದುವು. ಮೊದಲನೆಯ ಪುಟದಲ್ಲಿ ಗಣಪತಿಯ ಚಿತ್ರ, ಅದರ ಕೆಳಗೆ ಮಾಲೀಕರ ಭಾವಚಿತ್ರ. ಎರಡನೆಯದರಲ್ಲಿ ಅಂಗಡಿಯಲ್ಲಿ ದೊರೆಯುವ ಸರಕುಗಳ ಪಟ್ಟಿ. ಮೂರನೆಯದರಲ್ಲಿ ಹಬ್ಬದ ಶುಭಾಶಯ. ನಾಲ್ಕನೆಯದರಲ್ಲಿ “ಉತ್ತಮ ಗುಣಮಟ್ಟ, ನ್ಯಾಯವಾದ ಬೆಲೆ, ಒಮ್ಮೆ ಭೇಟಿ ಕೊಡಿರಿ” ಎಂಬ ಮಾತು. ಹೆಸರೊಂದನ್ನು ಬದಲಾಯಿಸಿದರೆ ಇದೇ ಪತ್ರಿಕೆಯು ಪಾತ್ರೆ ಅಂಗಡಿಗೂ ಸಲ್ಲುತ್ತಿತ್ತು, ಕನ್ನಡಕದ ಅಂಗಡಿಗೂ ಸಲ್ಲುತ್ತಿತ್ತು. ಮದುವೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವನು ಎಲೆ ಹಾಕಿದ್ದು ಮೊದಲ್ಗೊಂಡು ಮಜ್ಜಿಗೆಯವರೆಗೂ ತನ್ನ ವಿಷಯವನ್ನೇ ಹೇಳುತ್ತಿದ್ದರೆ, ಎಷ್ಟು ಸಭ್ಯನಾದರೂ ಕೇಳುವವನು ಮುಖವನ್ನು ಆ ಕಡೆಗೆ ತಿರುಗಿಸದೆ ಇರಲಾರನು. ಓದುಗನು ಮಾಡಿದುದೂ ಅಷ್ಟೇ. ತನ್ನನ್ನು ತಾನು ಹೊಗಳಿಕೊಳ್ಳುವುದು ಸಮಾಚಾರವಲ್ಲ. ಈ ಮಾತನ್ನು ಅವರಿಗೆ ಮರೆಮಾಚದೆ ಹೇಳಿದೆವು, ಅವರೂ ಬೇಸರಿಸಲಿಲ್ಲ.

ಹಾಗಾದರೆ ಏನನ್ನು ಬರೆಯಬೇಕು? ಇದಕ್ಕೆ ಪರದೇಶಗಳ ವ್ಯಾಪಾರಿಗಳು ಬಹುಕಾಲದ ಹಿಂದೆಯೇ ಉತ್ತರವನ್ನು ಕಂಡುಕೊಂಡಿದ್ದಾರೆ. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಜಾನ್ ಡೀರ್ ಎಂಬ ಕಮ್ಮಾರನು 1837ರಲ್ಲಿ ಉಕ್ಕಿನ ನೇಗಿಲನ್ನು ಮಾಡಿ ಮಾರಲಾರಂಭಿಸಿದನು. ಇಂದು ನಮ್ಮ ಹೊಲಗಳಲ್ಲಿ ಓಡಾಡುತ್ತಿರುವ ಹಸಿರು ಟ್ರಾಕ್ಟರುಗಳ ಸಂಸ್ಥೆಯು ಅವನ ಹೆಸರಿನದೇ. ಆ ಸಂಸ್ಥೆಯವರು 1895ರಲ್ಲಿ ‘ದಿ ಫರೋ’, ಎಂದರೆ ಉಳುಮೆಯ ಸಾಲು, ಎಂಬ ಪತ್ರಿಕೆಯನ್ನು ಹೊರಡಿಸಿದರು. ಅದರಲ್ಲಿ ನೇಗಿಲಿನ ಹೊಗಳಿಕೆಗಿಂತ ಬೇಸಾಯದ ವಿಚಾರವು ಮುಖ್ಯವಾಯಿತು. ರೈತನು ತನ್ನ ಕಸುಬಿನ ಪತ್ರಿಕೆಯೆಂದು ಅದನ್ನು ಓದಿದನು. ನೂರು ವರ್ಷಗಳು ಕಳೆದ ಮೇಲೂ ಅದು ನಿಲ್ಲದೆ ಹೊರಡುತ್ತಿದೆ. ಫ್ರಾನ್ಸಿನಲ್ಲಿ ಗಾಲಿಗಳ ರಬ್ಬರು ಟೈರುಗಳನ್ನು ಮಾಡುತ್ತಿದ್ದ ಮಿಷೆಲಿನ್ ಸೋದರರು 1900ರಲ್ಲಿ ಒಂದು ಕೈಪುಸ್ತಕವನ್ನು ಸುಮಾರು 35,000 ಪ್ರತಿಗಳಷ್ಟು ಅಚ್ಚು ಹಾಕಿಸಿ ಪುಕ್ಕಟೆಯಾಗಿ ಹಂಚಿದರು. ಆಗ ಆ ದೇಶದಲ್ಲಿದ್ದ ಮೋಟಾರು ಗಾಡಿಗಳು ಮೂರು ಸಾವಿರಕ್ಕೂ ಕಡಮೆ! ಟೈರನ್ನು ಬಿಚ್ಚಿ ಕಟ್ಟುವ ಬಗೆ, ದಾರಿಯಲ್ಲಿ ಪೆಟ್ರೋಲು ಸಿಕ್ಕುವ ಸ್ಥಳ, ಗಾಡಿ ದುರಸ್ತಿ ಮಾಡುವವರು, ತಂಗಲು ಯೋಗ್ಯವಾದ ಹೋಟೆಲು, ಊರುಗಳ ನಕ್ಷೆ, ಇವು ಅದರೊಳಗಿನ ವಿಷಯಗಳು. ಗಾಡಿಯುಳ್ಳವನು ಹೆಚ್ಚು ದೂರ ಹೋದಷ್ಟೂ ಟೈರು ಹೆಚ್ಚು ಸವೆಯುವುದೆಂಬ ವ್ಯಾಪಾರದ ಲೆಕ್ಕವೂ ಅದರ ಹಿಂದೆ ಇತ್ತು. ಆದರೆ ಓದುಗನಿಗೆ ಮೊದಲು ಪ್ರಯೋಜನ, ಆ ಮೇಲೆ ವರ್ತಕನಿಗೆ ಲಾಭ ಎಂಬ ಕ್ರಮವು ತಪ್ಪಲಿಲ್ಲ. ಪುಕ್ಕಟೆಯಾಗಿ ಹಂಚಿದ ಪುಸ್ತಕವನ್ನು ಒಂದು ಗ್ಯಾರೇಜಿನಲ್ಲಿ ಕೆಲಸದ ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದುದನ್ನು ಕಂಡು, 1920ರಿಂದ ಅದಕ್ಕೆ ಬೆಲೆ ಕಟ್ಟಿದರೆಂದು ಹೇಳುತ್ತಾರೆ. ಕಡಲೆಕಾಯಿಯ ಪೊಟ್ಟಣಕ್ಕೆ ಮರುಗಿದ ನಮ್ಮ ವರ್ತಕರಿಗೆ ಈ ಕಥೆಯು ತುಸು ಸಮಾಧಾನವನ್ನು ಕೊಟ್ಟಿತೆಂಬುದನ್ನು ಹೇಳಬೇಕಾಗಿಲ್ಲ.

“ಅವರು ಲಕ್ಷಾಧೀಶರು, ನಾನು ಹಳ್ಳಿಯವರಿಗೆ ಪಾವು ಸೇರು ಬೀಜ ಮಾರುವವನು, ಬರೆಯುವಂಥದ್ದು ನನ್ನಲ್ಲೇನಿದೆ?” ಎಂದು ಅವರು ಕೇಳಿದರು. ಅಂಗಡಿಯ ಹುಡುಗನಿಗೆ ಒಂದು ನೋಟುಪುಸ್ತಕವನ್ನು ಕೊಟ್ಟು, ಒಂದು ವಾರ ಗಿರಾಕಿಗಳು ಕೇಳುವ ಪ್ರಶ್ನೆಗಳನ್ನೆಲ್ಲ ಕೇಳಿದ ಹಾಗೆಯೇ ಬರೆದಿಡುವಂತೆ ಹೇಳಿದೆವು. ವಾರ ತುಂಬಿದ ಮೇಲೆ ಪುಸ್ತಕವು ಬಂದಿತು. ಚೀಲಕ್ಕೆ ಹೊಲಿದ ಚೀಟಿಯ ಬಣ್ಣಕ್ಕೆ ಏನರ್ಥ? ಹೋದ ವರ್ಷ ಮನೆಯಲ್ಲಿ ಉಳಿದ ಬೀಜವನ್ನು ಬಿತ್ತಬಹುದೇ? ಮಳೆ ಹಿಂದಾದರೆ ಯಾವ ರಾಗಿ? ಬಿಲ್ಲನ್ನು ಇಟ್ಟುಕೊಳ್ಳಬೇಕೇಕೆ? ಇಂಥವು ಹತ್ತಾರು. ನಾವು ಪುಸ್ತಕವನ್ನು ಹಿಂದಕ್ಕೆ ಕೊಟ್ಟು, “ಇಗೋ, ನಿಮ್ಮ ಒಂದು ವರ್ಷದ ಪತ್ರಿಕೆಯು ಇದರಲ್ಲಿಯೇ ಇದೆ” ಎಂದೆವು. ಗಿರಾಕಿಯು ಬಾಯಿಬಿಟ್ಟು ಕೇಳಿದ ಪ್ರಶ್ನೆಗೆ ಬರೆದ ಉತ್ತರವನ್ನು ಓದುವವರಿಲ್ಲವೆಂಬುದು ಎಂದಿಗೂ ಆಗದು. ಒಬ್ಬನು ಕೇಳಿದುದನ್ನು ಸಂಕೋಚದಿಂದ ಕೇಳದೆ ಹೋದವರು ಇನ್ನೂ ಹತ್ತು ಮಂದಿ ಇದ್ದೇ ಇರುತ್ತಾರೆ.

ವೈಶಾಖದ ಸಂಚಿಕೆಯಲ್ಲಿ ಅವರು ಚೀಟಿಯ ವಿಚಾರವನ್ನೇ ಬರೆದರು. ತಳಿವರ್ಧಕರ ಬೀಜಕ್ಕೆ ಬಂಗಾರದ ಹಳದಿ ಚೀಟಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ, ಮಾರುವವನೇ ಹೊಣೆ ಹೊತ್ತು ಕೊಡುವ ನಿಜಚೀಟಿ ಬೀಜಕ್ಕೆ ತಿಳಿಹಸಿರು. ಚೀಟಿಯ ಮೇಲೆ ಲಾಟು ನಂಬರು, ಪರೀಕ್ಷೆಯಾದ ತಾರೀಖು, ಮೊಳಕೆಯ ಪ್ರಮಾಣ ಇವುಗಳನ್ನು ನೋಡದೆ ಹಣ ಕೊಡಬಾರದು. ನೂರಕ್ಕೆ ಭತ್ತ 80, ರಾಗಿ ಮತ್ತು ತೊಗರಿ 75, ಕಡಲೆಕಾಯಿ 70 ಕಾಳುಗಳಾದರೂ ಮೊಳೆಯಬೇಕೆಂಬುದು ನಿಯಮ. ಇಷ್ಟನ್ನು ಒಂದೇ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಹೊಗಳಿಕೆಯ ಒಂದು ಮಾತೂ ಇಲ್ಲದೆ ಅಚ್ಚು ಹಾಕಿಸಿದರು. ಮುಂದಿನ ಸಂಚಿಕೆಯಲ್ಲಿ ಮನೆಯಲ್ಲಿಯೇ ಬೀಜವನ್ನು ಪರೀಕ್ಷಿಸುವ ಬಗೆಯನ್ನು ವಿವರಿಸಿದರು: ಚೀಲದ ಬೇರೆ ಬೇರೆ ಕಡೆಗಳಿಂದ ನೂರು ಕಾಳನ್ನು ಆರಿಸದೆ ತೆಗೆದುಕೊಂಡು, ಒದ್ದೆ ಮಾಡಿದ ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟು, ಸುತ್ತಿ, ನೆರಳಿನಲ್ಲಿರಿಸಿ, ತೇವವಾರದಂತೆ ನೋಡಿಕೊಂಡು, ಕೆಲವು ದಿನಗಳಾದ ಮೇಲೆ ಬಿಚ್ಚಿ ಮೊಳೆತವನ್ನು ಎಣಿಸುವುದು. ಈ ಎರಡು ಪುಟಗಳನ್ನು ಯಾರೂ ಪೊಟ್ಟಣ ಕಟ್ಟಲಿಲ್ಲ. ಹಲವರ ಮನೆಯಲ್ಲಿ ಅವು ಪಂಚಾಂಗದ ಪಕ್ಕದ ಮೊಳೆಯಲ್ಲಿ ತೂಗಿದುವು.

ಪಂಚಾಂಗದ ಮಾತು ಬಂದುದರಿಂದ ಕಾಲನಿಯಮದ ವಿಷಯವನ್ನೂ ಹೇಳಬೇಕು. ಪಂಚಾಂಗವು ಯುಗಾದಿಗೆ ಮುಂಚೆಯೇ ಬರುತ್ತದೆ. ಯುಗಾದಿಯ ಮರುವಾರ ಬಂದರೆ ಅದನ್ನು ಕೊಳ್ಳುವವರು ಯಾರು? ರೋಹಿಣಿ ಮಳೆಗೆ ಬೇಕಾದ ಮಾತನ್ನು ಕೃತ್ತಿಕೆಯಲ್ಲಿಯೇ ಹೇಳಬೇಕು. ಗೊತ್ತಾದ ದಿನದಲ್ಲಿ ತಪ್ಪದೆ ಹೊರಡುವ ಎರಡು ಪುಟದ ಪತ್ರಿಕೆಯು, ಮನಸ್ಸು ಬಂದಾಗ ಹೊರಡುವ ಹದಿನಾರು ಪುಟದ ಪತ್ರಿಕೆಗಿಂತ ಮೇಲು. ಓದುಗನ ಅಭ್ಯಾಸವೇ ಪತ್ರಿಕೆಯ ಆಸ್ತಿಯೆಂಬುದನ್ನು ನಾವು ನಮ್ಮ ಅನುಭವದಿಂದ ಬಲ್ಲೆವು.

ಓದುಗರು ಬಂದರೆ ಸಾಲದು, ಅವರು ಮಾತನಾಡುವಂತಾಗಬೇಕು. ಇದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತಮ ನಿದರ್ಶನಗಳಿವೆ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯು ಬೆಳೆಗಾರರನ್ನು ಓದುಗರನ್ನಾಗಿ ಮಾತ್ರವಲ್ಲದೆ ಬರಹಗಾರರನ್ನಾಗಿಯೂ ಮಾಡಿತು, ತೋಟದಲ್ಲಿ ದುಡಿಯುವವನೇ ತನ್ನ ಅನುಭವವನ್ನು ತನ್ನ ಮಾತಿನಲ್ಲಿ ಬರೆದನು, ನೆರೆಯ ಊರಿನ ಬೆಳೆಗಾರನು ಅದನ್ನು ನಂಬಿ ಓದಿದನು. ಧಾರವಾಡದಲ್ಲಿ ಶ್ರೀ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ವಿಶ್ವಾಸದ ಮೇಲೆ ನಿಂತ ಸಣ್ಣ ಉದ್ಯಮ; ಅದರ ಅಟ್ಟದ ಮೇಲೆ ಬರೆಯುವವರೂ ಓದುವವರೂ ಕೂಡಿ ಹರಟಿದರು, ಜಗಳವಾಡಿದರು, ಅಲ್ಲಿಂದಲೇ ಹೊಸ ಕನ್ನಡದ ಎಷ್ಟೋ ಗ್ರಂಥಗಳು ಹೊರಬಿದ್ದುವು. ಮಹಾತ್ಮರು ದಕ್ಷಿಣ ಆಫ್ರಿಕದಲ್ಲಿದ್ದಾಗ 1903ರಲ್ಲಿ ಆರಂಭವಾದ ‘ಇಂಡಿಯನ್ ಒಪೀನಿಯನ್’ ಪತ್ರಿಕೆಗೆ ಸ್ನೇಹದ ಕಾಗದಗಳೂ ಟೀಕೆಯ ಕಾಗದಗಳೂ ಕಟುವಾದ ಕಾಗದಗಳೂ ಪ್ರವಾಹದಂತೆ ಬರುತ್ತಿದ್ದುವು; ಅವುಗಳನ್ನು ಓದಿ ಜೀರ್ಣಿಸಿಕೊಂಡು ಉತ್ತರಿಸಿದುದೇ ತಮಗೆ ದೊಡ್ಡ ಶಿಕ್ಷಣವಾಯಿತೆಂಬರ್ಥದ ಮಾತನ್ನು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅಂಥ ಮಹನೀಯರೇ ಓದುಗರ ಕಾಗದಕ್ಕೆ ತಲೆಬಾಗಿರಲು, ಅಂಗಡಿಯ ವರ್ತಕನು ಬೈದು ಬರೆದವನ ಕಾಗದವನ್ನು ಹರಿದು ಹಾಕುವುದು ಯಾವ ನ್ಯಾಯ?

ಇಷ್ಟು ಉಪದೇಶವನ್ನು ನಾವು ಸುಲಭವಾಗಿಯೇ ಮಾಡಿದೆವು. ಅದರ ಬೆಲೆಯನ್ನು ತೆರಬೇಕಾದವರು ಆ ವರ್ತಕರು. ಆಷಾಢದ ಮೊದಲಲ್ಲಿ ರೈತರೊಬ್ಬರು ಸುತ್ತಿದ ಗೋಣಿತಾಟೊಂದನ್ನು ತಂದು ಅವರ ಗಲ್ಲಾಪೆಟ್ಟಿಗೆಯ ಮುಂದೆ ಬಿಚ್ಚಿದರಂತೆ. “ಶೆಟ್ಟರೇ, ನೀವು ಬರೆದ ಹಾಗೆಯೇ ಮಾಡಿದ್ದೇನೆ. ನಿಮ್ಮ ಅಂಗಡಿಯದೇ ಕಡಲೆಕಾಯಿ ಬೀಜ, ನೂರಕ್ಕೆ ಐವತ್ತೆರಡು. ನೀವೇ ಎಣಿಸಿಕೊಳ್ಳಿ” ಎಂದರಂತೆ. ವರ್ತಕರು ಅದೇ ಲಾಟಿನ ಬೇರೆ ಚೀಲಗಳಿಂದ ತೆಗೆದು ತಾವೂ ಪರೀಕ್ಷಿಸಿದರು. ಎಪ್ಪತ್ತರ ಹತ್ತಿರಕ್ಕೂ ಬರಲಿಲ್ಲ. ಕಡಲೆಕಾಯಿ ಬೀಜವು ಕೂಡಿಟ್ಟಲ್ಲಿ ಬಿಸಿಯೂ ತೇವವೂ ತಾಕಿದರೆ ಬೇಗ ಕೆಡುವಂಥದು. ದಾಸ್ತಾನಿನ ಅರ್ಧಕ್ಕೂ ಹೆಚ್ಚು ಆಗಲೇ ಮಾರಿಹೋಗಿತ್ತು. ಸರಕು ಕೊಟ್ಟವರ ಪ್ರತಿನಿಧಿಯು, “ಬಿತ್ತಿದವರ ಕೈಗುಣವೆನ್ನಿ, ಮಳೆಯ ದೋಷವೆನ್ನಿ, ಬಾಯಿಬಿಟ್ಟರೆ ಅಂಗಡಿ ಮುಚ್ಚಬೇಕಾಗುತ್ತದೆ” ಎಂದು ಬುದ್ಧಿ ಹೇಳಿದನಂತೆ.

ಅಂದು ಸಂಜೆ ಆ ವರ್ತಕರು ಪುನಃ ನಮ್ಮಲ್ಲಿಗೆ ಬಂದರು. “ಸ್ವಾಮೀ, ಪರೀಕ್ಷೆ ಮಾಡುವುದನ್ನು ನಾನೇ ಕಲಿಸಿದೆ, ಈಗ ಅದು ನನ್ನ ಕುತ್ತಿಗೆಗೇ ಬಂತು. ಇದನ್ನೂ ಅಚ್ಚು ಹಾಕಿಸಬೇಕೇ?” ಎಂದು ಕೇಳಿದರು. ನಮಗೆ ಕೂಡಲೆ ಉತ್ತರ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಪರರ ಗಂಟಿನ ಮೇಲೆ ಧರ್ಮ ಹೇಳುವುದು ಸುಲಭ. 1966ರ ಬೀಜ ಕಾಯಿದೆಯ ಪ್ರಕಾರ ನಿಯಮಿತ ಪ್ರಮಾಣಕ್ಕಿಂತ ಕಡಮೆ ಮೊಳೆಯುವ ಬೀಜವನ್ನು ಮಾರುವುದೇ ತಪ್ಪೆಂಬುದನ್ನು ನೆನಪಿಸಿದೆವು. ಮಾರಾಟವನ್ನು ನಿಲ್ಲಿಸುವುದಂತೂ ಕಡ್ಡಾಯ. ಆದರೆ ಆಗಲೇ ಕೊಂಡುಹೋದವರಿಗೆ ಮನೆ ಮನೆಗೆ ತಿಳಿಸಬೇಕೆ ಬೇಡವೆ ಎಂಬುದನ್ನು ಕಾಯಿದೆಗಿಂತ ಮನಸ್ಸಾಕ್ಷಿಯೇ ನಿರ್ಣಯಿಸಬೇಕಾಗಿತ್ತು. ಕೊನೆಗೆ ನಾವು ಇಷ್ಟೇ ಹೇಳಿದೆವು: “ನಿಮ್ಮ ಪತ್ರಿಕೆಯನ್ನು ಜನ ಓದಬೇಕೆಂದು ಕೇಳಿಕೊಂಡು ಬಂದವರು ನೀವು. ಈಗ ಓದುತ್ತಿದ್ದಾರೆ. ಓದುವವನಿಗೆ ಅತ್ಯಗತ್ಯವಾದ ಸಮಾಚಾರವನ್ನು ಬಚ್ಚಿಟ್ಟ ದಿನ ಅದು ಪತ್ರಿಕೆಯಾಗಿ ಉಳಿಯುವುದಿಲ್ಲ.”

ಮರುದಿನವೇ ಅವರು ಒಂದೇ ಹಾಳೆಯ ವಿಶೇಷ ಸಂಚಿಕೆಯನ್ನು ಹೊರಡಿಸಿದರು. ಲಾಟು ನಂಬರು, ಪರೀಕ್ಷೆಯಲ್ಲಿ ಬಂದ ಅಂಕಿ, ಬಿತ್ತದೆ ಉಳಿದ ಚೀಲಕ್ಕೆ ಹಣ ವಾಪಸು, ಬಿತ್ತಿದವರು ಬಿಲ್ಲಿನೊಡನೆ ಕೃಷಿ ಇಲಾಖೆಗೆ ಹೇಗೆ ದೂರು ಕೊಡಬೇಕು ಎಂಬ ಸೂಚನೆ, ಕೊನೆಗೆ “ಇದು ನಮ್ಮ ಅಂಗಡಿಯಿಂದಲೇ ಹೋದ ಬೀಜ; ಮಾರುವ ಮುಂಚೆ ನಾವು ಪರೀಕ್ಷಿಸದೆ ಇದ್ದುದು ನಮ್ಮ ತಪ್ಪು” ಎಂಬ ಒಂದು ಸಾಲು. ಅದನ್ನು ಸೊಸೈಟಿಯ ಬಾಗಿಲಲ್ಲಿಯೂ ಕ್ಷೌರದಂಗಡಿಯಲ್ಲಿಯೂ ಬಸ್ಸು ನಿಲ್ದಾಣದ ಚಹದ ಅಂಗಡಿಯಲ್ಲಿಯೂ ಅಂಟಿಸಿದರು. ಓದು ಬಾರದವರಿಗೆ ಓದು ಬಂದವರು ಓದಿ ಹೇಳಿದರು.

ಇದರಿಂದ ಅವರಿಗೆ ಲಾಭವಾಯಿತೆಂದು ಬರೆದು ಕಥೆಯನ್ನು ಸಿಹಿಮಾಡುವುದು ನಮ್ಮ ಇಚ್ಛೆಯಲ್ಲ. ಆ ಮುಂಗಾರಿನಲ್ಲಿ ಅವರಿಗೆ ನಷ್ಟವೇ ಆಯಿತು. ಬೈದು ಕಾಗದ ಬರೆದವರಿದ್ದರು, ಅಂಗಡಿಗೆ ಬಂದು ಕೂಗಾಡಿದವರಿದ್ದರು, ಸಹವ್ಯಾಪಾರಿಗಳು ನಕ್ಕರು. ಬೈದ ಕಾಗದಗಳನ್ನೂ ಅವರು ಮುಂದಿನ ಸಂಚಿಕೆಯಲ್ಲಿ ಹೆಸರು ಬಿಟ್ಟು ಪ್ರಕಟಿಸಿದರು. ಈ ವರ್ಷ ನಾವು ವಿಚಾರಿಸಿದಾಗ, “ವ್ಯಾಪಾರ ಇನ್ನೂ ಮೊದಲಿನಷ್ಟಿಲ್ಲ ಸ್ವಾಮೀ. ಆದರೆ ಪತ್ರಿಕೆ ಒಂದು ದಿನ ತಡವಾದರೆ ಯಾಕೆ ಬಂದಿಲ್ಲವೆಂದು ಕೇಳಿಕೊಂಡು ಬರುತ್ತಾರೆ” ಎಂದರು. ಓದುಗರನ್ನು ಸಂಪಾದಿಸುವುದೆಂದರೆ ಇದೇ ಎಂದು ನಮ್ಮ ದೃಢವಾದ ಅಭಿಪ್ರಾಯ. ಬಾರದಿದ್ದರೆ ಕೇಳುವವರಿಲ್ಲದ ಪತ್ರಿಕೆಯನ್ನು ಹತ್ತು ಸಾವಿರ ಹಂಚಿದರೂ ಅದು ಕಾಗದದ ವ್ಯಾಪಾರವೇ ಸರಿ.

ಇನ್ನು ಎರಡು ಮಾತುಗಳು ಉಳಿದಿವೆ. ಮೊದಲನೆಯದು ಭಾಷೆಯ ವಿಷಯ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲನೆಯ ಸಮಾಚಾರ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮ್ಯೋಗ್ಲಿಂಗ್ ಪಾದ್ರಿಯವರು ಜರ್ಮನಿಯವರು. ಜನರನ್ನು ಮುಟ್ಟಬೇಕಾದರೆ ಜನರ ಭಾಷೆಯಲ್ಲಿಯೇ ಬರೆಯಬೇಕೆಂಬುದು ಆ ಪರದೇಶಿಗಳಿಗೆ ತಿಳಿದಿತ್ತು. ಇಲ್ಲಿಯೇ ಹುಟ್ಟಿ, ಕನ್ನಡದಲ್ಲಿಯೇ ಚೌಕಾಸಿ ಮಾಡಿ, ಕನ್ನಡದಲ್ಲಿಯೇ ಸಾಲ ವಸೂಲು ಮಾಡುವ ನಮ್ಮ ವರ್ತಕರು, ಬರೆಯುವುದಕ್ಕೆ ಕುಳಿತೊಡನೆ ಅರೆಬೆಂದ ಇಂಗ್ಲಿಷಿಗೆ ಶರಣಾಗುವುದನ್ನು ಕಂಡು ನಾವು ವ್ಯಥೆಪಡುತ್ತೇವೆ. ದೊಡ್ಡ ಬಂಡವಳಿಗನಲ್ಲಿ ಹಣವಿದೆ, ಆದರೆ ಈ ಹೋಬಳಿಯ ಮಣ್ಣಿನ ಬಣ್ಣವೂ ಇಲ್ಲಿಯ ರೈತನ ನುಡಿಗಟ್ಟೂ ಅವನಿಗೆ ಗೊತ್ತಿಲ್ಲ. ಸಣ್ಣವನಿಗಿರುವ ಬಲವೇ ಅದು; ಅದನ್ನು ಕೈಯಾರೆ ಬಿಟ್ಟುಕೊಟ್ಟರೆ ಮತ್ತೇನುಳಿಯಿತು?

ಎರಡನೆಯದು ಸ್ವಾವಲಂಬನದ ವಿಷಯ. ಈಗ ಬಹುಮಂದಿ ವರ್ತಕರು ತಮ್ಮ ಮಾತನ್ನು ಮೊಬೈಲಿನ ದಾರಿಯಲ್ಲಿ ಕಳುಹಿಸುತ್ತಾರೆ. ಅದು ಶೀಘ್ರವಾದ ದಾರಿ, ಖರ್ಚೂ ಅಲ್ಪ. ಅದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಆ ದಾರಿಯು ಹೊರದೇಶದ ಒಂದೆರಡು ಮಹಾಸಂಸ್ಥೆಗಳ ಸ್ವತ್ತು. ಯಾರ ಮಾತು ಯಾರಿಗೆ ಕಾಣಬೇಕು, ಎಷ್ಟು ಸುಂಕ ಕೊಟ್ಟರೆ ಕಾಣಬೇಕು ಎಂಬುದನ್ನು ಅವು ತಮ್ಮ ಇಚ್ಛೆಯಂತೆ ಬದಲಾಯಿಸಬಲ್ಲುವು. ಪರರ ಜಗಲಿಯಲ್ಲಿ ಅಂಗಡಿ ಹೂಡಿದವನು ತನ್ನ ಪೆಟ್ಟಿಗೆಯ ಬೀಗದ ಕೈಯನ್ನಾದರೂ ತನ್ನ ಸೊಂಟದಲ್ಲಿಟ್ಟುಕೊಳ್ಳಬೇಡವೆ? ಪತ್ರಿಕೆಯನ್ನು ಅಪೇಕ್ಷಿಸಿದವರ ಹೆಸರು, ಊರು, ಬೆಳೆಯುವ ಬೆಳೆ, ಇವುಗಳನ್ನು ಅವರ ಒಪ್ಪಿಗೆಯಿಂದ ಒಂದು ಖಾತೆಯಲ್ಲಿ ಬರೆದಿಟ್ಟುಕೊಂಡಿರಬೇಕು. ಯಾವ ದಾರಿ ಮುಚ್ಚಿದರೂ ಆ ಖಾತೆಯು ಮುಚ್ಚಲಾರದು. ಅಪೇಕ್ಷಿಸದವರ ಮೇಲೆ ಹೇರಬಾರದು. ಇನ್ನೂರು ಮಂದಿ ಅಪೇಕ್ಷಿಸಿದವರು ಇಪ್ಪತ್ತು ಸಾವಿರ ಮಂದಿ ಬೇಸತ್ತವರಿಗಿಂತ ಮೇಲು.

ಈ ಲೇಖನದಲ್ಲಿ ನಮ್ಮ ಸ್ವಾರ್ಥಕ್ಕೆ ವಿರುದ್ಧವಾದ ಅಂಶವೊಂದುಂಟು, ಅದನ್ನೂ ಹೇಳಿಬಿಡುತ್ತೇವೆ. ವರ್ತಕರು ತಮ್ಮ ಪತ್ರಿಕೆಗೆ ತಾವೇ ಓದುಗರನ್ನು ಸಂಪಾದಿಸಿಕೊಂಡರೆ ನಮ್ಮಂಥ ಪತ್ರಿಕೆಗಳಿಗೆ ಕೊಡುವ ಜಾಹೀರಾತು ಕಡಮೆಯಾಗಬಹುದು. ಆ ಬೀಜದ ವರ್ತಕರೂ ಈ ವರ್ಷ ನಮಗೆ ಕೊಡುತ್ತಿದ್ದುದರಲ್ಲಿ ಅರ್ಧವನ್ನು ನಿಲ್ಲಿಸಿದ್ದಾರೆ. ನಮಗೆ ಇದು ನಷ್ಟವೇ ಹೌದು. ಆದರೂ ಊರಿನ ವರ್ತಕನು ಊರಿನ ಜನಕ್ಕೆ ಊರಿನ ಭಾಷೆಯಲ್ಲಿ ನಿಜ ಹೇಳುವ ಪದ್ಧತಿಯು ಬೆಳೆದರೆ ಓದುವವರೂ ಬೆಳೆಯುತ್ತಾರೆ. ಓದುವವರು ಬೆಳೆದ ನಾಡಿನಲ್ಲಿ ನಮ್ಮ ಪತ್ರಿಕೆಗೂ ಒಂದು ಮೂಲೆಯಲ್ಲಿ ಸ್ಥಳವಿರುವುದೆಂದು ನಂಬಿದ್ದೇವೆ.

ಆದುದರಿಂದ ಪತ್ರಿಕೆ ಹೊರಡಿಸುವ ವರ್ತಕ ಬಾಂಧವರಲ್ಲಿ ನಮ್ಮ ಬಿನ್ನಹವಿಷ್ಟೆ: ಮುಂದಿನ ಸಂಚಿಕೆಯಿಂದ ತಮ್ಮ ಭಾವಚಿತ್ರವನ್ನು ತೆಗೆದು, ಆ ಸ್ಥಳದಲ್ಲಿ ಗಿರಾಕಿಯ ಒಂದು ಪ್ರಶ್ನೆಯನ್ನು ಅಚ್ಚು ಹಾಕಿಸಿರಿ; ಅದರ ಕೆಳಗೆ ತಮಗೆ ತಿಳಿದ ನಿಜವಾದ ಉತ್ತರವನ್ನು ಬರೆಯಿರಿ. ಆ ಉತ್ತರದಿಂದ ಒಂದು ದಿನ ತಮ್ಮ ಅಂಗಡಿಗೇ ಧಕ್ಕೆ ಬಂದೀತು. ಬಂದರೆ, ಅದನ್ನೂ ಬರೆಯಿರಿ.